ಬೇಗಂಪೇಟೆಯ ಗುಮ್ಮಟದಿಂದ ಕಾವಲೂರಿನ ಕಾಡಿನವರೆಗೆ: ದೂರದರ್ಶಕಕ್ಕೆ ತಕ್ಕ ಕಣ್ಣು ಹುಡುಕಿದ ವೈನು ಬಪ್ಪು

ಹಿಮಾಯತ್‌ನಗರ (ಹೈದರಾಬಾದ್): ಹಿಮಾಯತ್‌ನಗರದಿಂದ ಬಶೀರ್‌ಬಾಗ್ ಕಡೆಗೆ ತುಸು ದೂರ ನಡೆದರೆ ನಿಜಾಮ್ ಕಾಲೇಜು ಸಿಗುತ್ತದೆ. 1940ರ ದಶಕದಲ್ಲಿ ಇಲ್ಲಿ ಭೌತಶಾಸ್ತ್ರ ಓದಿದ ಹುಡುಗನೊಬ್ಬ ಮುಂದೆ ಧೂಮಕೇತುವೊಂದಕ್ಕೆ ತನ್ನ ಹೆಸರು ಕೊಟ್ಟ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು (ಐಐಎ) ಕಟ್ಟಿದ. ಜಗತ್ತಿನ ಖಗೋಳ ವಿಜ್ಞಾನಿಗಳ ಒಕ್ಕೂಟಕ್ಕೆ ಅಧ್ಯಕ್ಷನಾದ. ಆತನೇ ಮನಾಲಿ ಕಲ್ಲಾಟ್ ವೈನು ಬಪ್ಪು.

ಆಕಾಶ ನೋಡುವ ಹವ್ಯಾಸ ಇರುವವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ದೂರದರ್ಶಕ ಎಷ್ಟೇ ದೊಡ್ಡದಿರಲಿ, ಅದರ ತುದಿಗೆ ಏನು ಜೋಡಿಸುತ್ತೇವೆ ಎಂಬುದರ ಮೇಲೆ ಕಾಣುವುದು ನಿಂತಿದೆ. ಮನೆಯ ಟೆರೇಸ್ ಮೇಲೆ ನಿಂತವರಿಗೆ ಅದು ಐಪೀಸ್, ಅಂದರೆ ಕಣ್ಣಿಡುವ ಸಣ್ಣ ಮಸೂರದ ಗೊಂಚಲು. ವಿಜ್ಞಾನಿಗಳಿಗೆ ಅದು ಫೋಟೊ ಫಲಕ, ಬೆಳಕು ಅಳೆಯುವ ಮಾಪಕ ಅಥವಾ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತ ಯಂತ್ರ. ಯಾವ ದೂರದರ್ಶಕಕ್ಕೆ ಯಾವುದು ತಕ್ಕದ್ದು ಎಂಬ ಪ್ರಶ್ನೆ ಬಪ್ಪು ಅವರನ್ನು ಬಾಲ್ಯದಿಂದ ಕೊನೆಯವರೆಗೂ ಬಿಡಲಿಲ್ಲ. ದುಡ್ಡು, ಉಪಕರಣ ಎರಡೂ ಕಡಿಮೆ ಇದ್ದ ದೇಶದಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಅವರು ಆಧುನಿಕ ಭಾರತೀಯ ಖಗೋಳ ವಿಜ್ಞಾನಕ್ಕೆ ಅಡಿಪಾಯ ಹಾಕಿದರು.

ಗುಮ್ಮಟದ ಕೆಳಗೆ ಬೆಳೆದ ಬಾಲ್ಯ

ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಆಗಿನ ಮದರಾಸಿನಲ್ಲಿ. ಮನೆತನದ ಮೂಲ ಕೇರಳದ ತಲಶ್ಶೇರಿ. ಬೆಳೆದದ್ದು ಮಾತ್ರ ಹೈದರಾಬಾದ್‌ನಲ್ಲಿ. ತಂದೆ ಎಂ.ಕೆ. ಬಪ್ಪು ಅವರಿಗೆ ಇಲ್ಲಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ. ತಂದೆ ತಾಯಿಗೆ ವೈನು ಒಬ್ಬನೇ ಮಗ.

ನಿಜಾಮಿಯಾದ ಕಥೆಯೂ ಸ್ವಾರಸ್ಯಕರ. ನವಾಬ್ ಜಫರ್ ಜಂಗ್ ಎಂಬ ಶ್ರೀಮಂತರಿಗೆ ನಕ್ಷತ್ರ ನೋಡುವ ಹುಚ್ಚು. ಅವರು ಇಂಗ್ಲೆಂಡ್ ಕಡೆಯಿಂದ ತರಿಸಿದ 15 ಇಂಚಿನ ಗ್ರಬ್ ದೂರದರ್ಶಕವನ್ನು ಇಟ್ಟುಕೊಂಡು 1901ರಲ್ಲಿ ಫಿಸಲ್‌ಬಂಡಾದ ತಮ್ಮ ಜಾಗದಲ್ಲಿ ವೀಕ್ಷಣಾಲಯ ಆರಂಭಿಸಿದರು. 1907ರಲ್ಲಿ ನವಾಬರು ತೀರಿಕೊಂಡರು. ಮರುವರ್ಷ ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡಿತು. ಮುಂದೆ ವೀಕ್ಷಣಾಲಯ ಬೇಗಂಪೇಟೆಗೆ ಸ್ಥಳಾಂತರಗೊಂಡಿತು. 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಕೈಗೆ ಬಂತು. ಅಂದು ಬೀದರ್, ಕಲಬುರಗಿ, ರಾಯಚೂರು ಭಾಗವೂ ನಿಜಾಮರ ಆಡಳಿತದಲ್ಲೇ ಇದ್ದುದರಿಂದ, ಕಲ್ಯಾಣ ಕರ್ನಾಟಕದ ಜನರಿಗೂ ಇದೇ ತಮ್ಮ ರಾಜ್ಯದ ವೀಕ್ಷಣಾಲಯ ಆಗಿತ್ತು.

ಬೇಗಂಪೇಟೆಯಲ್ಲಿ ಎರಡು ದೊಡ್ಡ ದೂರದರ್ಶಕಗಳಿದ್ದವು. ಒಂದು, 8 ಇಂಚಿನ ಕುಕ್ ಆಸ್ಟ್ರೋಗ್ರಾಫ್. ಅದು ನೋಡುವ ಯಂತ್ರ ಅಲ್ಲ, ಚಿತ್ರ ತೆಗೆಯುವ ಯಂತ್ರ. ಇಡೀ ಆಕಾಶದ ನಕ್ಷೆ ಮಾಡುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ಹೈದರಾಬಾದ್‌ಗೆ ದಕ್ಷಿಣದ 17ರಿಂದ 23 ಡಿಗ್ರಿ ಹಾಗೂ ಉತ್ತರದ 36ರಿಂದ 39 ಡಿಗ್ರಿವರೆಗಿನ ಪಟ್ಟಿ ಸಿಕ್ಕಿತ್ತು. ಗಾಜಿನ ಫಲಕಗಳ ಮೇಲೆ ಲಕ್ಷಾಂತರ ನಕ್ಷತ್ರಗಳ ಸ್ಥಾನವನ್ನು ಇಲ್ಲಿನ ಸಿಬ್ಬಂದಿ ಅಳೆದರು. ಇನ್ನೊಂದು, 1922ರಲ್ಲಿ ನೆಲೆಗೊಳಿಸಿದ ಆ 15 ಇಂಚಿನ ಗ್ರಬ್. ಅದು ಕಣ್ಣಿಟ್ಟು ನೋಡುವ ದೂರದರ್ಶಕ. ಬೆಳಕು ಏರಿಳಿಯುವ ನಕ್ಷತ್ರಗಳನ್ನು, ಚಂದ್ರನ ಹಿಂದೆ ನಕ್ಷತ್ರ ಮರೆಯಾಗುವ ಕ್ಷಣಗಳನ್ನು ದಾಖಲಿಸಲು ಅದನ್ನು ಬಳಸುತ್ತಿದ್ದರು.

ಒಂದೇ ಆವರಣದಲ್ಲಿ ಫಲಕಕ್ಕೆ ಒಂದು ದೂರದರ್ಶಕ, ಕಣ್ಣಿಗೆ ಒಂದು ದೂರದರ್ಶಕ. ತಂದೆಯ ಬೆರಳು ಹಿಡಿದು ಬರುತ್ತಿದ್ದ ಹುಡುಗನಿಗೆ ಇದೇ ಮೊದಲ ಪಾಠಶಾಲೆ ಆಯಿತು.

ಐಪೀಸ್ ಲೆಕ್ಕ ಏನು?

ಇಲ್ಲಿ ಸ್ವಲ್ಪ ನಿಂತು, ಗ್ರಬ್‌ನಂಥ ದೂರದರ್ಶಕದ ಮುಂದೆ ಕೂತವರು ಮಾಡಬೇಕಿದ್ದ ಲೆಕ್ಕವನ್ನು ನೋಡೋಣ. ಇಂದು ಅಮೆಜಾನ್‌ನಲ್ಲಿ ಟೆಲಿಸ್ಕೋಪ್ ತರಿಸಿಕೊಂಡವರಿಗೂ ಇದೇ ಲೆಕ್ಕ.

ದೂರದರ್ಶಕದ ಮುಂದಿನ ಮಸೂರ ಅಥವಾ ಕನ್ನಡಿ ಬೆಳಕನ್ನು ಕೂಡಿಸಿ ಒಂದು ಬಿಂಬ ಮಾಡುತ್ತದೆ. ಆ ಬಿಂಬ ಎಷ್ಟು ದೂರದಲ್ಲಿ ಮೂಡುತ್ತದೆ ಎಂಬುದೇ ಸಂಗಮದೂರ. ಐಪೀಸ್ ಎನ್ನುವುದು ಆ ಬಿಂಬವನ್ನು ಹತ್ತಿರದಿಂದ ನೋಡುವ ಭೂತಗನ್ನಡಿ. ದೂರದರ್ಶಕದ ಸಂಗಮದೂರವನ್ನು ಐಪೀಸ್‌ನ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಉತ್ತರ ಬರುತ್ತದೆ. 900 ಮಿ.ಮೀ. ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 36 ಪಟ್ಟು, 10 ಮಿ.ಮೀ. ಹಾಕಿದರೆ 90 ಪಟ್ಟು. ಅಂದರೆ ಐಪೀಸ್‌ನ ಅಂಕಿ ಸಣ್ಣದಾದಷ್ಟೂ ಹಿಗ್ಗು ಹೆಚ್ಚು.

ಹಾಗಾದರೆ ಸಣ್ಣ ಅಂಕಿಯ ಐಪೀಸ್ ಹಾಕಿಕೊಂಡು ಬಿಟ್ಟರಾಯಿತಲ್ಲ? ಸಮಸ್ಯೆ ಇರುವುದು ಇಲ್ಲೇ. ಹಿಗ್ಗು ಹೆಚ್ಚಾದಂತೆ ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿ ಬಿಂಬ ಮಂಕಾಗುತ್ತದೆ, ಕಾಣುವ ಆಕಾಶದ ತುಂಡು ಚಿಕ್ಕದಾಗುತ್ತದೆ, ಗಾಳಿಯ ನಡುಕವೂ ದೊಡ್ಡದಾಗುತ್ತದೆ. ಹಿಗ್ಗು ತೀರಾ ಕಡಿಮೆ ಮಾಡಿದರೆ ಮತ್ತೊಂದು ನಷ್ಟ. ಐಪೀಸ್‌ನಿಂದ ಹೊರಬರುವ ಬೆಳಕಿನ ಕಂಬ ಕಣ್ಣಿನ ಪಾಪೆಗಿಂತ ದಪ್ಪವಾಗುತ್ತದೆ. ಕತ್ತಲಿಗೆ ಹೊಂದಿಕೊಂಡ ಹರೆಯದ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅರಳುತ್ತದೆ, ವಯಸ್ಸಾದವರಲ್ಲಿ 5 ಮಿ.ಮೀ. ಅಷ್ಟೇ. ಅದಕ್ಕಿಂತ ದಪ್ಪದ ಬೆಳಕು ಕಣ್ಣೊಳಗೆ ಹೋಗದೆ ವ್ಯರ್ಥ.

ಈ ಬೆಳಕಿನ ಕಂಬದ ದಪ್ಪ ತಿಳಿಯಲು ದೂರದರ್ಶಕದ ಬಾಯಗಲವನ್ನು ಹಿಗ್ಗಿನಿಂದ ಭಾಗಿಸಬೇಕು. 15 ಇಂಚು ಎಂದರೆ 380 ಮಿ.ಮೀ. ಅದರ ಬೆಳಕೆಲ್ಲ 7 ಮಿ.ಮೀ. ಪಾಪೆಯೊಳಗೆ ಹೋಗಬೇಕಾದರೆ ಕನಿಷ್ಠ 54 ಪಟ್ಟು ಹಿಗ್ಗು ಬೇಕೇ ಬೇಕು. ಅದಕ್ಕಿಂತ ಕಡಿಮೆ ಹಿಗ್ಗಿನ ಐಪೀಸ್ ಹಾಕಿದರೆ 15 ಇಂಚಿನ ಮಸೂರಕ್ಕೆ ಕೊಟ್ಟ ದುಡ್ಡಿನ ಒಂದು ಪಾಲು ಕತ್ತಲಿಗೆ ಹೋದಂತೆ.

ಬೆಳಕು ಏರಿಳಿಯುವ ನಕ್ಷತ್ರ ನೋಡುವವರಿಗೆ ಇನ್ನೂ ಒಂದು ಕಟ್ಟುಪಾಡು ಇದೆ. ಆ ನಕ್ಷತ್ರದ ಕಾಂತಿಯನ್ನು ಅಕ್ಕಪಕ್ಕದ, ಕಾಂತಿ ಗೊತ್ತಿರುವ ನಕ್ಷತ್ರಗಳೊಂದಿಗೆ ಹೋಲಿಸಿ ಅಂದಾಜು ಮಾಡಬೇಕು. ಹಿಗ್ಗು ಜಾಸ್ತಿಯಾದರೆ ಹೋಲಿಸಬೇಕಾದ ನಕ್ಷತ್ರವೇ ನೋಟದಿಂದ ಹೊರಗೆ. ಕಡಿಮೆಯಾದರೆ ಆಕಾಶದ ಹಿನ್ನೆಲೆ ಬೆಳಗಿ ಮಸುಕು ನಕ್ಷತ್ರ ಕಾಣದು. ಯಾವ ರಾತ್ರಿ, ಯಾವ ನಕ್ಷತ್ರಕ್ಕೆ ಯಾವ ಐಪೀಸ್ ಎಂಬ ಆಯ್ಕೆಯೇ ಅರ್ಧ ಕೆಲಸ. ಬಪ್ಪು ಕಲಿತ ಖಗೋಳ ವಿಜ್ಞಾನ ಇಂಥ ನೋಡಿ ತಿಳಿಯುವ ವಿದ್ಯೆಯಿಂದ ಆರಂಭವಾಯಿತು. ವಿದ್ಯಾರ್ಥಿಯಾಗಿದ್ದಾಗಲೇ ಅವರು ಈ ಬಗೆಯ ನಕ್ಷತ್ರಗಳನ್ನು ಗಮನಿಸಿ ಬರೆಯತೊಡಗಿದ್ದರು.

ಹೈದರಾಬಾದ್‌ನಿಂದ ಹಾರ್ವರ್ಡ್‌ಗೆ

ನಿಜಾಮ್ ಕಾಲೇಜು ಆಗ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಅಲ್ಲಿ ಭೌತಶಾಸ್ತ್ರ ಮುಗಿಸಿದ ಬಪ್ಪು ಮುಂದೆ ಏನು ಮಾಡಬೇಕೆಂಬ ಹೊತ್ತಿಗೆ ಊರಿನ ಚಿತ್ರವೇ ಬದಲಾಗುತ್ತಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. ಇಂಥ ಗೊಂದಲದ ಕಾಲದಲ್ಲೇ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಹಾರ್ಲೊ ಶೇಪ್ಲಿ ಆಗ ಅಲ್ಲಿನ ವೀಕ್ಷಣಾಲಯದ ಮುಖ್ಯಸ್ಥ.

ಅಲ್ಲಿಗೆ ಹೋಗಿ ಕೆಲವೇ ತಿಂಗಳಾಗಿತ್ತು. 1949ರ ಜುಲೈ 2ರಂದು ತೆಗೆದ ಆಕಾಶದ ಫೋಟೊ ಫಲಕದಲ್ಲಿ ಅದುವರೆಗೆ ಯಾರೂ ಗುರುತಿಸದ ಧೂಮಕೇತುವೊಂದು ಸಿಕ್ಕಿತು. ಕಂಡುಹಿಡಿದವರು 21 ವರ್ಷದ ಬಪ್ಪು. ಅದರ ಚಲನೆ ದೃಢಪಡಿಸಲು ಜೊತೆಯಾದವರು ಪ್ರಾಧ್ಯಾಪಕ ಬಾರ್ಟ್ ಬಾಕ್ ಹಾಗೂ ಸಹಪಾಠಿ ಗಾರ್ಡನ್ ನ್ಯೂಕರ್ಕ್. ಹೀಗಾಗಿ ಅದು ಬಪ್ಪು–ಬಾಕ್–ನ್ಯೂಕರ್ಕ್ ಧೂಮಕೇತು. ಈ ಶೋಧಕ್ಕಾಗಿ ಅಮೆರಿಕದ ಪೆಸಿಫಿಕ್ ಖಗೋಳ ಸಂಘ ಬಪ್ಪು ಅವರಿಗೆ ಡೊನೊಹೊ ಧೂಮಕೇತು ಪದಕ ನೀಡಿತು. ಭಾರತೀಯರೊಬ್ಬರ ಹೆಸರು ಧೂಮಕೇತುವಿಗೆ ಅಂಟಿಕೊಂಡ ಅಪರೂಪದ ಸಂದರ್ಭ ಅದು.

ಇಲ್ಲೊಂದು ಗಮನಿಸಬೇಕಾದ ವಿಚಾರ ಇದೆ. ಆ ಧೂಮಕೇತು ಸಿಕ್ಕಿದ್ದು ಐಪೀಸ್‌ನಲ್ಲಿ ಅಲ್ಲ, ಫಲಕದ ಮೇಲೆ. ಕಣ್ಣು ಒಂದು ಕ್ಷಣದ ಬೆಳಕನ್ನು ಮಾತ್ರ ಹಿಡಿಯುತ್ತದೆ. ಫಲಕ ಹತ್ತಾರು ನಿಮಿಷದ ಬೆಳಕನ್ನು ಕೂಡಿಡುತ್ತದೆ. ಬೇಗಂಪೇಟೆಯಲ್ಲಿ ಅಕ್ಕಪಕ್ಕದಲ್ಲಿ ಕಂಡಿದ್ದ ಎರಡು ಯಂತ್ರಗಳ ವ್ಯತ್ಯಾಸ ಹಾರ್ವರ್ಡ್‌ನಲ್ಲಿ ಹೊಸ ಅರ್ಥ ಪಡೆಯಿತು.

ರೇಖೆಯ ಅಗಲದಲ್ಲಿ ಅಡಗಿದ್ದ ಗುಟ್ಟು

ಪಿಎಚ್‌.ಡಿ. ಮುಗಿದ ಬಳಿಕ ಬಪ್ಪು ಅವರಿಗೆ ಕಾರ್ನೆಗಿ ಫೆಲೋಶಿಪ್ ಸಿಕ್ಕಿತು. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಲ್ಲಿ ಕೆಲಸ ಮಾಡುವ ಅವಕಾಶ. ಪಾಲೊಮಾರ್‌ನ 200 ಇಂಚಿನ ದೂರದರ್ಶಕ ಅಂದು ಜಗತ್ತಿನಲ್ಲೇ ಅತಿ ದೊಡ್ಡದು.

ಅಲ್ಲಿ ಅವರು ಒಲಿನ್ ವಿಲ್ಸನ್ ಜೊತೆ ಸೇರಿ ಕೈಗೊಂಡ ಕೆಲಸವೇ ಇಂದಿಗೂ ಪಠ್ಯಪುಸ್ತಕಗಳಲ್ಲಿ ಇರುವ ವಿಲ್ಸನ್–ಬಪ್ಪು ಪರಿಣಾಮ. ಸೂರ್ಯನಂಥ ಹಾಗೂ ಸೂರ್ಯನಿಗಿಂತ ತಂಪಾದ ನಕ್ಷತ್ರಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ನೇರಳೆ ಭಾಗದಲ್ಲಿ ಕ್ಯಾಲ್ಸಿಯಂನ ಒಂದು ಗಾಢ ರೇಖೆ ಕಾಣುತ್ತದೆ. ಅದರ ನಟ್ಟನಡುವೆ ಒಂದು ಸಣ್ಣ ಹೊಳಪು. ನಕ್ಷತ್ರ ನಿಜಕ್ಕೂ ಎಷ್ಟು ಪ್ರಕಾಶಮಾನವೋ ಆ ಹೊಳಪು ಅಷ್ಟು ಅಗಲ ಎಂಬುದನ್ನು ಇಬ್ಬರೂ ತೋರಿಸಿದರು. 1957ರಲ್ಲಿ ಇದು ಪ್ರಕಟವಾಯಿತು.

ಇದರಿಂದ ಏನು ಪ್ರಯೋಜನ? ರಾತ್ರಿ ರಸ್ತೆಯಲ್ಲಿ ದೂರದ ದೀಪ ನೋಡಿದಾಗ ಅದು ಹತ್ತಿರದ ಸಣ್ಣ ಬಲ್ಬೋ, ದೂರದ ದೊಡ್ಡ ದೀಪವೋ ಗೊತ್ತಾಗುವುದಿಲ್ಲ. ಬಲ್ಬಿನ ವ್ಯಾಟ್ ಎಷ್ಟೆಂದು ಗೊತ್ತಾದರೆ ದೂರ ಲೆಕ್ಕ ಹಾಕಬಹುದು. ನಕ್ಷತ್ರದ ವಿಷಯದಲ್ಲಿ ಆ ವ್ಯಾಟ್ ಅಂಕಿಯನ್ನು ರೇಖೆಯ ಅಗಲದಿಂದಲೇ ಓದಿಕೊಳ್ಳಲು ಸಾಧ್ಯ ಎಂದು ಅವರು ತೋರಿಸಿಕೊಟ್ಟರು. ಕಣ್ಣಿಟ್ಟು ಎಷ್ಟು ಹೊತ್ತು ನೋಡಿದರೂ ಈ ಸತ್ಯ ಸಿಗುತ್ತಿರಲಿಲ್ಲ. ಸರಿಯಾದ ದೂರದರ್ಶಕಕ್ಕೆ ಸರಿಯಾದ ರೋಹಿತ ಯಂತ್ರ ಜೋಡಿಸಿದ್ದರಿಂದ ಸಿಕ್ಕಿತು.

ಇದ್ದದ್ದು ಬಿಟ್ಟು ಇಲ್ಲದ್ದರ ಕಡೆಗೆ

ಅಮೆರಿಕದಲ್ಲೇ ಉಳಿದಿದ್ದರೆ ಜಗತ್ತಿನ ಅತ್ಯುತ್ತಮ ಯಂತ್ರಗಳು ಅವರ ಕೈಯಲ್ಲಿರುತ್ತಿದ್ದವು. ಬಪ್ಪು 1953ರಲ್ಲಿ ಭಾರತಕ್ಕೆ ಮರಳಿದರು. ಉತ್ತರ ಪ್ರದೇಶ ಸರ್ಕಾರ ಆಗ ಹೊಸ ವೀಕ್ಷಣಾಲಯವೊಂದನ್ನು ಆರಂಭಿಸುತ್ತಿತ್ತು. ವಾರಾಣಸಿಯಲ್ಲಿ ಶುರುವಾದ ಅದು ಮುಖ್ಯ ಖಗೋಳ ವಿಜ್ಞಾನಿಯಾಗಿ ಬಪ್ಪು ಬಂದ ಮೇಲೆ ನೈನಿತಾಲ್‌ಗೆ ಸ್ಥಳಾಂತರವಾಯಿತು. ಬಯಲು ಸೀಮೆಯ ಧೂಳು, ಮಬ್ಬಿನಲ್ಲಿ ದೊಡ್ಡ ದೂರದರ್ಶಕ ನೆಟ್ಟು ಉಪಯೋಗವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಂದು ನೆಲೆಗೊಂಡ ಆ ಕೇಂದ್ರವೇ ಇಂದಿನ ಆರ್ಯಭಟ ಸಂಶೋಧನಾ ಸಂಸ್ಥೆ (ಏರೀಸ್).

1960ರಲ್ಲಿ ಅವರು ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ವಯಸ್ಸು 33 ಕೂಡ ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು. 1899ರಲ್ಲಿ ಆರಂಭವಾದ ಕೊಡೈಕೆನಾಲ್ ಸೂರ್ಯನ ಅಧ್ಯಯನಕ್ಕೆ ಹೆಸರುವಾಸಿ. ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು 1909ರಲ್ಲಿ ಜಾನ್ ಎವರ್‌ಶೆಡ್ ಕಂಡುಹಿಡಿದದ್ದು ಇಲ್ಲೇ. ಆದರೆ ಬಪ್ಪು ಬರುವ ಹೊತ್ತಿಗೆ ಅದು ಹವಾಮಾನ ಇಲಾಖೆಯ ಒಂದು ವಿಭಾಗ ಮಾತ್ರ.

ಕೊಡೈಕೆನಾಲ್‌ನ ಸುರಂಗ ದೂರದರ್ಶಕ ಬಳಕೆಗೆ ಬಂದದ್ದು ಅವರ ಕಾಲದಲ್ಲಿ. ಇದರ ಮಸೂರದ ಅಗಲ 38 ಸೆಂ.ಮೀ., ಅಂದರೆ ಬೇಗಂಪೇಟೆಯ ಗ್ರಬ್‌ನಷ್ಟೇ. ಆದರೆ ಸಂಗಮದೂರ ಬರೋಬ್ಬರಿ 36 ಮೀಟರ್. ಹೀಗಾಗಿ ನೆಲದಡಿಯ ಸುರಂಗದಲ್ಲಿ ಅದನ್ನು ಮಲಗಿಸಲಾಗಿದೆ. ಅದರ ತುದಿಯಲ್ಲಿ ಮೂಡುವ ಸೂರ್ಯಬಿಂಬದ ಅಗಲ ಸುಮಾರು 34 ಸೆಂ.ಮೀ., ಒಂದು ಊಟದ ತಟ್ಟೆಗಿಂತ ದೊಡ್ಡದು. ಇಷ್ಟು ದೊಡ್ಡ ಬಿಂಬ ಸಿಕ್ಕ ಮೇಲೆ ಐಪೀಸ್‌ನ ಮಾತೇ ಇಲ್ಲ. ಬಿಂಬದ ಬೇಕಾದ ಚೂರನ್ನು ರೋಹಿತ ಯಂತ್ರದ ಕಿಂಡಿಗೆ ಬಿಟ್ಟರೆ ಆಯಿತು.

ಒಂದೇ ಅಗಲದ ಮಸೂರ, ಎರಡು ಬೇರೆ ಯಂತ್ರ. ನಕ್ಷತ್ರಕ್ಕೆ ಬೆಳಕು ಸಾಲದು, ಸೂರ್ಯನಿಗೆ ಬೆಳಕು ಯಥೇಚ್ಛ. ಅದಕ್ಕೇ ಸೂರ್ಯನಿಗೆ ಉದ್ದ ಸಂಗಮದೂರ ಸರಿ. (ಓದುಗರು ನೆನಪಿಡಬೇಕಾದ ಮಾತು: ಮುಂಭಾಗಕ್ಕೆ ಸೌರ ಶೋಧಕ ಹಾಕದೆ ಯಾವುದೇ ದೂರದರ್ಶಕದಲ್ಲಿ ಸೂರ್ಯನನ್ನು ನೋಡಬಾರದು. ಕ್ಷಣಾರ್ಧದಲ್ಲಿ ದೃಷ್ಟಿ ಹೋಗಬಹುದು.)

ಜವಾದಿ ಬೆಟ್ಟದ ಕತ್ತಲು

ಕೊಡೈಕೆನಾಲ್ ಹಗಲಿಗೆ ಒಳ್ಳೆಯದು, ರಾತ್ರಿ ಆಕಾಶಕ್ಕೆ ಅಷ್ಟಲ್ಲ. ಮೋಡದ ಕಾಟ. ನಕ್ಷತ್ರ ನೋಡಲು ಬೇರೆ ಜಾಗ ಬೇಕು ಎಂದು ಬಪ್ಪು ದಕ್ಷಿಣ ಭಾರತದ ಬೆಟ್ಟಗಳನ್ನು ಜಾಲಾಡಿದರು. ಕೊನೆಗೆ ಸಿಕ್ಕಿದ್ದು ತಮಿಳುನಾಡಿನ ಜವಾದಿ ಬೆಟ್ಟ ಸಾಲಿನ ಕಾವಲೂರು. ಬೆಂಗಳೂರಿನಿಂದ ಸುಮಾರು 175 ಕಿ.ಮೀ. ದೂರ, ಸಮುದ್ರ ಮಟ್ಟದಿಂದ 725 ಮೀಟರ್ ಎತ್ತರ. ಸುತ್ತ ಕಾಡು, ಊರಿನ ದೀಪ ಇಲ್ಲ. ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಉತ್ತರದ ಜೊತೆಗೆ ದಕ್ಷಿಣದ ಆಕಾಶದ ಬಹುಭಾಗವೂ ಅಲ್ಲಿಂದ ಕಾಣುತ್ತದೆ.

1960ರ ದಶಕದ ಕೊನೆಯಲ್ಲಿ ಅಲ್ಲಿ ಕೆಲಸ ಆರಂಭಿಸಿದ ಮೊದಲ ದೂರದರ್ಶಕದ ಕನ್ನಡಿ 38 ಸೆಂ.ಮೀ. ಅದನ್ನು ಕೊಂಡು ತಂದಿರಲಿಲ್ಲ, ತಮ್ಮದೇ ಕಾರ್ಯಾಗಾರದಲ್ಲಿ ತಯಾರಿಸಿದ್ದರು. ಚಿಕ್ಕದಾದರೇನು, ಅದಕ್ಕೆ ಜೋಡಿಸುವ ಬೆಳಕು ಮಾಪಕ, ರೋಹಿತ ಯಂತ್ರ ಸರಿಯಾಗಿದ್ದರೆ ವಿಜ್ಞಾನ ಮಾಡಬಹುದು ಎಂಬುದು ಬಪ್ಪು ಅವರ ಲೆಕ್ಕಾಚಾರ. ಉಪಕರಣ ಹೊರಗಿನಿಂದ ಬರಲಿ ಎಂದು ವರ್ಷಗಟ್ಟಲೆ ಕಾಯುವ ಬದಲು ಇಲ್ಲಿನವರೇ ಮಾಡಿಕೊಳ್ಳಬೇಕು ಎಂಬ ಹಟ. ಹಾಗಾಗಿ ಗಾಜು ಉಜ್ಜುವವರು, ಲೋಹ ಕಡೆಯುವವರು, ಎಲೆಕ್ಟ್ರಾನಿಕ್ಸ್ ಬಲ್ಲವರು ಎಲ್ಲರೂ ಅವರ ತಂಡದಲ್ಲಿ ವಿಜ್ಞಾನಿಗಳಷ್ಟೇ ಮುಖ್ಯರಾದರು.

1972ರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಯೇನಾ ಕಂಪನಿಯ 1 ಮೀಟರ್ ದೂರದರ್ಶಕ ಕಾವಲೂರಿಗೆ ಬಂತು. ಅದು ನೆಲೆಗೊಂಡ ಕೆಲವೇ ವಾರಗಳಲ್ಲಿ, ಜೂನ್ 7ರಂದು ಗುರುವಿನ ಉಪಗ್ರಹ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ಮರೆಯಾಗುವಾಗ ಬೆಳಕು ಹೇಗೆ ಕುಗ್ಗುತ್ತದೆ ಎಂಬುದನ್ನು ಕಾವಲೂರಿನ ಮಾಪಕ ದಾಖಲಿಸಿತು. ಗ್ಯಾನಿಮೀಡ್ ಸುತ್ತ ತೆಳು ವಾತಾವರಣ ಇರುವ ಸುಳಿವು ಎಂದು ಅದನ್ನು ಅರ್ಥೈಸಲಾಯಿತು. ಆ ವಾತಾವರಣ ಅಂದಿನ ಅಂದಾಜಿಗಿಂತಲೂ ಬಹಳ ತೆಳು ಎಂದು ಮುಂದಿನ ಅಳತೆಗಳು ತೋರಿಸಿದವು.

1977ರ ಮಾರ್ಚ್ 10ರಂದು ಇನ್ನೊಂದು ಅವಕಾಶ. ಯುರೇನಸ್ ಗ್ರಹ ನಕ್ಷತ್ರವೊಂದರ ಬಳಿ ಹಾದುಹೋಗುತ್ತಿತ್ತು. ಜೆ.ಸಿ. ಭಟ್ಟಾಚಾರ್ಯ ಮತ್ತು ಸಂಗಡಿಗರು ಕಾವಲೂರಿನ ಅದೇ 1 ಮೀಟರ್ ದೂರದರ್ಶಕದಲ್ಲಿ ಕಾದಿದ್ದರು. ನಕ್ಷತ್ರ ಗ್ರಹದಿಂದ ದೂರ ಇರುವಾಗಲೇ ಅದರ ಬೆಳಕು ಕೆಲ ಸೆಕೆಂಡು ಕುಗ್ಗಿತು. ಅದೇ ರಾತ್ರಿ ವಿಮಾನದಲ್ಲಿದ್ದ ಅಮೆರಿಕದ ತಂಡಕ್ಕೂ ಇಂಥದೇ ಕುಗ್ಗುವಿಕೆ ಹಲವು ಬಾರಿ ಕಂಡಿತ್ತು. ಯುರೇನಸ್‌ಗೆ ಉಂಗುರಗಳಿವೆ ಎಂಬುದು ಹೀಗೆ ಜಗತ್ತಿಗೆ ತಿಳಿಯಿತು. ಐಪೀಸ್‌ನಲ್ಲಿ ಕಣ್ಣಿಟ್ಟವರಿಗೆ ಅದು ಕಣ್ಣು ಮಿಟುಕಿಸಿದಷ್ಟು ಹೊತ್ತಿನ ಅನುಮಾನ ಆಗಿ ಹೋಗುತ್ತಿತ್ತು. ಕಾಗದದ ಮೇಲೆ ಗೆರೆ ಎಳೆಯುವ ಮಾಪಕಕ್ಕೆ ಅದು ಪುರಾವೆ.

ಬೆಂಗಳೂರಿನಲ್ಲಿ ಉಜ್ಜಿದ ಕನ್ನಡಿ

1971ರಲ್ಲಿ ಕೊಡೈಕೆನಾಲ್ ಕೇಂದ್ರ ಹವಾಮಾನ ಇಲಾಖೆಯಿಂದ ಬೇರ್ಪಟ್ಟು ಸ್ವಾಯತ್ತ ಸಂಸ್ಥೆಯಾಯಿತು. ಅದೇ ಇಂದಿನ ಐಐಎ. ಬಪ್ಪು ಅದರ ಮೊದಲ ನಿರ್ದೇಶಕರು. 1970ರ ದಶಕದ ನಡುವೆ ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು.

ಅವರ ದೊಡ್ಡ ಕನಸು ಇದ್ದದ್ದು 2.34 ಮೀಟರ್ ಅಗಲದ ದೂರದರ್ಶಕ. ವಿನ್ಯಾಸ ಇಲ್ಲಿನದೇ, ಕಟ್ಟುವುದು ಇಲ್ಲೇ. ಗಾಜಿನ ಬಿಲ್ಲೆ ಮಾತ್ರ ಜರ್ಮನಿಯಿಂದ ಬಂತು. ಅದನ್ನು ಉಜ್ಜಿ, ನಯಗೊಳಿಸಿ ಕನ್ನಡಿ ಮಾಡುವ ಕೆಲಸ ಬೆಂಗಳೂರಿನ ಐಐಎ ಪ್ರಯೋಗಾಲಯದಲ್ಲಿ ನಡೆಯಿತು. ದೂರದರ್ಶಕದ ಭಾರೀ ಲೋಹದ ಚೌಕಟ್ಟನ್ನು ಮಹಾರಾಷ್ಟ್ರದ ವಾಲ್‌ಚಂದ್‌ನಗರ ಇಂಡಸ್ಟ್ರೀಸ್ ತಯಾರಿಸಿತು.

ಇಷ್ಟು ದೊಡ್ಡ ದೂರದರ್ಶಕಕ್ಕೆ ಐಪೀಸ್ ಹಾಕಿದರೆ ಏನಾಗುತ್ತದೆ ಎಂಬುದು ಮೋಜಿನ ಲೆಕ್ಕ. ಕನ್ನಡಿಯ ಹಿಂಭಾಗದಲ್ಲಿ ಬಿಂಬ ಮೂಡುವಂತೆ ಮಾಡಿದಾಗ ಇದರ ಸಂಗಮದೂರ ಸುಮಾರು 30 ಮೀಟರ್. ಮಾಮೂಲಿ 25 ಮಿ.ಮೀ. ಐಪೀಸ್ ಹಾಕಿದರೆ 1,200 ಪಟ್ಟು ಹಿಗ್ಗು. ಗಾಳಿಯ ನಡುಕದಲ್ಲಿ ಆ ಬಿಂಬ ಕುದಿಯುವ ನೀರಿನಂತೆ ಅಲುಗುತ್ತದೆ. ಎಲ್ಲ ಬೆಳಕೂ ಪಾಪೆಯೊಳಗೆ ಹೋಗುವ ಅತಿ ಕಡಿಮೆ ಹಿಗ್ಗು ಎಂದರೂ 330 ಪಟ್ಟಿನ ಮೇಲೆ. ಅದಕ್ಕೆ 90 ಮಿ.ಮೀ. ಐಪೀಸ್ ಬೇಕು. ಇಂಥ ದೂರದರ್ಶಕದ ಬೆಳಕು ಸಂಗ್ರಹಿಸುವ ಶಕ್ತಿ ಬರಿಗಣ್ಣಿನ ಒಂದು ಲಕ್ಷ ಪಟ್ಟಿಗೂ ಹೆಚ್ಚು. ಅದನ್ನು ಮತ್ತೆ 7 ಮಿ.ಮೀ. ಪಾಪೆಗೆ ಸುರಿಯುವುದು ಕೆರೆಯ ನೀರನ್ನು ಲೋಟದಲ್ಲಿ ಹಿಡಿದಂತೆ. ಆದ್ದರಿಂದಲೇ ಅದರ ತುದಿಯಲ್ಲಿ ಕಣ್ಣಿಗೆ ಜಾಗ ಇಲ್ಲ. ಕ್ಯಾಮೆರಾ, ರೋಹಿತ ಯಂತ್ರಗಳಿಗೆ ಮಾತ್ರ ಜಾಗ.

ನೋಡದೆ ಉಳಿದ ಮೊದಲ ಬೆಳಕು

ಗೌರವಗಳು ಒಂದೊಂದಾಗಿ ಬಂದವು. 1970ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷ ಸ್ಥಾನ. ಈ ಹುದ್ದೆಗೇರಿದ ಮೊದಲ ಭಾರತೀಯ ಅವರೇ. ವಿಜ್ಞಾನದ ಆಚೆಗೆ ಮಿರ್ಜಾ ಗಾಲಿಬ್ ಕಾವ್ಯ ಎಂದರೆ ಅವರಿಗೆ ಬಲು ಇಷ್ಟ. ಹೈದರಾಬಾದ್ ಕೊಟ್ಟ ಉರ್ದು ಅವರನ್ನು ಬಿಟ್ಟಿರಲಿಲ್ಲ.

1982ರ ಆಗಸ್ಟ್‌ನಲ್ಲಿ ಒಕ್ಕೂಟದ ಮಹಾಸಭೆ ಗ್ರೀಸ್‌ನ ಪಟ್ರಾಸ್‌ನಲ್ಲಿ ನಿಗದಿಯಾಗಿತ್ತು. ಅಧ್ಯಕ್ಷರಾಗಿ ಬಪ್ಪು ಅಲ್ಲಿರಬೇಕಿತ್ತು. ಆದರೆ ಹೃದಯದ ತೊಂದರೆಯಿಂದ ಮ್ಯೂನಿಚ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಅವರು ಚೇತರಿಸಿಕೊಳ್ಳಲಿಲ್ಲ. ಪಟ್ರಾಸ್‌ನಲ್ಲಿ ಸಭೆ ನಡೆಯುತ್ತಿರುವಾಗಲೇ ಆಗಸ್ಟ್ 19ರಂದು ಕೊನೆಯುಸಿರೆಳೆದರು. 55ನೇ ಹುಟ್ಟುಹಬ್ಬ ಕಳೆದು ಒಂಬತ್ತು ದಿನ ಅಷ್ಟೇ ಆಗಿತ್ತು.

2.34 ಮೀಟರ್ ದೂರದರ್ಶಕ ಆಗಿನ್ನೂ ಮುಗಿದಿರಲಿಲ್ಲ. ಭಟ್ಟಾಚಾರ್ಯ ನಿರ್ದೇಶಕರಾಗಿ ಕೆಲಸ ಮುಂದುವರಿಸಿದರು. 1985ರ ನವೆಂಬರ್‌ನಲ್ಲಿ ಅದರಲ್ಲಿ ಮೊದಲ ಬಿಂಬ ಮೂಡಿತು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅದಕ್ಕೆ ವೈನು ಬಪ್ಪು ದೂರದರ್ಶಕ ಎಂದು ಹೆಸರಿಟ್ಟರು. ಕಾವಲೂರಿನ ಕೇಂದ್ರವೂ ಅವರ ಹೆಸರಿನದಾಯಿತು. 2596 ಸಂಖ್ಯೆಯ ಕ್ಷುದ್ರಗ್ರಹವೂ ಇಂದು ವೈನು ಬಪ್ಪು.

ನಿಮ್ಮ ಟೆಲಿಸ್ಕೋಪ್‌ಗೆ ಯಾವ ಐಪೀಸ್?

ಬಪ್ಪು ದೊಡ್ಡ ಯಂತ್ರಗಳಿಗೆ ಮಾಡಿದ ಆಯ್ಕೆಯ ಲೆಕ್ಕ ಸಣ್ಣ ಯಂತ್ರಗಳಿಗೂ ಅನ್ವಯ. ಮನೆಯಲ್ಲಿ ಟೆಲಿಸ್ಕೋಪ್ ಇರುವವರು ಮೊದಲು ಸಂಗಮದೂರವನ್ನು ಬಾಯಗಲದಿಂದ ಭಾಗಿಸಿ ನೋಡಬೇಕು. ಬರುವ ಉತ್ತರವೇ ಎಫ್ ಸಂಖ್ಯೆ.

* ಮಸೂರದ ದೂರದರ್ಶಕ, 90 ಮಿ.ಮೀ. ಬಾಯಿ, 900 ಮಿ.ಮೀ. ಸಂಗಮದೂರ (ಎಫ್ 10): ಬೆಳಕು ಸಾವಕಾಶವಾಗಿ ಕೂಡುವುದರಿಂದ ಅಗ್ಗದ ಕೆಲ್ನರ್ ಐಪೀಸ್ ಕೂಡ ಚೆನ್ನಾಗಿ ನಡೆಯುತ್ತದೆ. ಚಂದ್ರ, ಶನಿ, ಗುರು ನೋಡಲು 25 ಮತ್ತು 10 ಮಿ.ಮೀ. ಇದ್ದರೆ ಸಾಕು.

* ಕನ್ನಡಿಯ ನ್ಯೂಟನ್ ಮಾದರಿ, 150 ಮಿ.ಮೀ. ಬಾಯಿ, 750 ಮಿ.ಮೀ. ಸಂಗಮದೂರ (ಎಫ್ 5): ಬೆಳಕು ಕಡಿದಾದ ಕೋನದಲ್ಲಿ ಕೂಡುತ್ತದೆ. ಹ್ಯೂಜೆನ್ಸ್‌ನಂಥ ಸರಳ ಐಪೀಸ್‌ನಲ್ಲಿ ಅಂಚಿನ ನಕ್ಷತ್ರಗಳು ಹರಡಿಕೊಳ್ಳುತ್ತವೆ. ಪ್ಲಾಸಲ್ ಅಥವಾ ಅದಕ್ಕಿಂತ ಉತ್ತಮ ವಿನ್ಯಾಸ ಬೇಕು. 25 ಮಿ.ಮೀ. ಹಾಕಿದರೆ 30 ಪಟ್ಟು ಹಿಗ್ಗು, 5 ಮಿ.ಮೀ. ದಪ್ಪದ ಬೆಳಕಿನ ಕಂಬ. ಕೃತ್ತಿಕೆ, ಆಂಡ್ರೊಮೀಡಾದಂಥ ಹರಡಿದ ನೋಟಗಳಿಗೆ ಹೇಳಿ ಮಾಡಿಸಿದ್ದು.

* ಮಸೂರ ಮತ್ತು ಕನ್ನಡಿ ಎರಡೂ ಇರುವ ಶ್ಮಿಟ್–ಕ್ಯಾಸಿಗ್ರೇನ್, 200 ಮಿ.ಮೀ. ಬಾಯಿ, 2,000 ಮಿ.ಮೀ. ಸಂಗಮದೂರ (ಎಫ್ 10): 10 ಮಿ.ಮೀ. ಐಪೀಸ್‌ನಲ್ಲೇ 200 ಪಟ್ಟು ಬರುತ್ತದೆ. ಹೆಚ್ಚಿನ ರಾತ್ರಿಗಳಿಗೆ ಅದೇ ಮಿತಿ. ಇದಕ್ಕೆ ಬೇಕಾದದ್ದು 32 ಅಥವಾ 40 ಮಿ.ಮೀ. ಉದ್ದದ ಐಪೀಸ್.

ಬಾಯಿಯ ಪ್ರತಿ ಮಿಲಿಮೀಟರ್‌ಗೆ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗು ಪ್ರಯೋಜನವಿಲ್ಲ. 60 ಮಿ.ಮೀ. ದೂರದರ್ಶಕದ ಡಬ್ಬಿ ಮೇಲೆ 500 ಪಟ್ಟು ಎಂದು ಬರೆದಿದ್ದರೆ ನಂಬಬೇಡಿ, ಅದರ ಮಿತಿ 120. ಒಟ್ಟಿಗೆ ಐದಾರು ಐಪೀಸ್ ಕೊಳ್ಳುವ ಬದಲು ಎರಡು ಒಳ್ಳೆಯದನ್ನು ಕೊಂಡು ಕತ್ತಲಿರುವ ಊರಿಗೆ ಹೋಗುವುದು ಜಾಣತನ.

ಬೇಗಂಪೇಟೆಯ ಆವರಣದಲ್ಲಿ ಈಗ ಆರ್ಥಿಕ ಮತ್ತು ಸಾಮಾಜಿಕ ಅಧ್ಯಯನ ಸಂಸ್ಥೆ ಇದೆ. ನಗರದ ದೀಪಗಳು ಆಕಾಶವನ್ನು ನುಂಗಿದ ಮೇಲೆ ಉಸ್ಮಾನಿಯಾ ವಿಶ್ವವಿದ್ಯಾಲಯ 1960ರ ದಶಕದಲ್ಲೇ ಊರಾಚೆಯ ಜಪಾಲ್–ರಂಗಾಪುರದಲ್ಲಿ 48 ಇಂಚಿನ ದೂರದರ್ಶಕ ಸ್ಥಾಪಿಸಿತು. ಬೇಗಂಪೇಟೆಯ ಹಳೆಯ ಗುಮ್ಮಟಗಳಿಂದ ಇಂದು ಯಾರೂ ನಕ್ಷತ್ರ ಎಣಿಸುವುದಿಲ್ಲ. ಅಲ್ಲಿ ನೋಡಲು ಕಲಿತ ಹುಡುಗ ಆರಿಸಿದ ಕಾವಲೂರಿನಲ್ಲಿ ಮಾತ್ರ, ಮೋಡ ಇಲ್ಲದ ರಾತ್ರಿಗಳಲ್ಲಿ ಗುಮ್ಮಟದ ಬಾಗಿಲು ಇನ್ನೂ ತೆರೆಯುತ್ತದೆ.